ಬಿಟ್ಟ ಜಾಗಕ್ಕೆ ಮರಳುವುದು: ರೆಕಾರ್ಡು ಕಡತಗಳಲ್ಲಿ ಕರ್ಸರಿನ ಸ್ಥಾನ

ಲಕ್ಷಗಟ್ಟಲೆ ರೆಕಾರ್ಡುಗಳಿರುವ ಕಡತವನ್ನು ಓದುವ ಯಾವ ಪ್ರೋಗ್ರಾಮೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕಾಗುತ್ತದೆ. ತೆರೆಯ ಮೇಲೆ ಇಪ್ಪತ್ತು ಹೆಸರು ತುಂಬಿದ ಮೇಲೆ ಬಳಕೆದಾರರು ಮುಂದಿನ ಪುಟ ಕೇಳುವವರೆಗೆ ಕಾಯಬೇಕು. ಓದುವ ನಡುವೆಯೇ ಇನ್ನೊಂದು ರೆಕಾರ್ಡನ್ನು ನೋಡಿಕೊಂಡು ಬರಬೇಕಾದೀತು. ರಾತ್ರಿ ನಡೆಯುತ್ತಿದ್ದ ಬಡ್ಡಿಯ ಲೆಕ್ಕ ಕರೆಂಟು ಹೋಗಿ ನಿಂತರೆ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸಬೇಕು. ಹೀಗಾಗಿ ರೆಕಾರ್ಡು ಕಡತಗಳನ್ನು ನಿಭಾಯಿಸುವ ಪ್ರತಿಯೊಂದು ಲೈಬ್ರರಿಯೂ ಎರಡು ಸೌಲಭ್ಯ ಕೊಡುತ್ತದೆ: ಕರ್ಸರು, ಅಂದರೆ ಓದು ಎಲ್ಲಿಗೆ ಬಂದಿದೆ ಎಂಬ ಗುರುತು, ಈಗ ಎಲ್ಲಿದೆ ಎಂದು ಹೇಳುವುದು ಒಂದು, ಹಿಂದೆ ಉಳಿಸಿಟ್ಟ ಜಾಗಕ್ಕೆ ಕರ್ಸರನ್ನು ಮರಳಿ ಕೂರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕಷ್ಟವೇನೂ ಇಲ್ಲ. ಎರಡನೆಯದು ಐವತ್ತು ವರ್ಷಗಳಿಂದ ಎಡವುತ್ತಲೇ ಬಂದಿದೆ. ಸ್ಥಾನವನ್ನು ಕಡತದೊಳಗಿನ ಒಂದು ವಿಳಾಸವೆಂದು ಲೈಬ್ರರಿ ಬರೆಯುವವರು ಮತ್ತೆ ಮತ್ತೆ ಭಾವಿಸಿದ್ದೇ ಇದಕ್ಕೆ ಕಾರಣ ಎಂಬುದು ಈ ಲೇಖನದ ವಾದ. ಯಾವ ರೆಕಾರ್ಡು, ಯಾವ ಅನುಕ್ರಮದಲ್ಲಿ, ಅದರ ಮೇಲೋ ಹಿಂದೋ ಮುಂದೋ, ಕಡತದ ಯಾವ ಸ್ಥಿತಿಯನ್ನು ಕಂಡು ಹೇಳಿದ್ದು ಎಂಬ ನಾಲ್ಕೂ ಸೇರಿದಾಗ ಮಾತ್ರ ಸ್ಥಾನ ಪೂರ್ತಿಯಾಗುತ್ತದೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಒಂದಲ್ಲ ಒಂದು ದಿನ ತಪ್ಪು ರೆಕಾರ್ಡು ಕೈಗೆ ಬರುತ್ತದೆ, ಬಂದದ್ದು ಗೊತ್ತಾಗುವುದೂ ಇಲ್ಲ.

ತೀರಾ ಸರಳವಾದ ಸ್ಥಾನವೆಂದರೆ ಬೈಟುಗಳ ಎಣಿಕೆ: ಕಡತದ ಮೊದಲಿನಿಂದ ಇಷ್ಟನೆಯ ಬೈಟು. ಸಿ ಭಾಷೆಯ ಎಫ್‌ಟೆಲ್, ಎಫ್‌ಸೀಕ್ ಎಂಬ ಜೋಡಿ ಮಾಡುವುದು ಇದನ್ನೇ. ಆದರೆ 1989ರಲ್ಲಿ ಆ ಭಾಷೆಗೆ ಅಮೆರಿಕದ ಅಧಿಕೃತ ಮಾನಕ ಬಂದಾಗ ಎಫ್‌ಗೆಟ್‌ಪಾಸ್, ಎಫ್‌ಸೆಟ್‌ಪಾಸ್ ಎಂಬ ಇನ್ನೊಂದು ಜೋಡಿಯೂ ಅದರೊಳಗೆ ಸೇರಿತ್ತು. ಇವು ಕೊಡುವುದು ಬರಿಯ ಸಂಖ್ಯೆಯನ್ನಲ್ಲ. ಒಳಗೇನಿದೆ ಎಂದು ಪ್ರೋಗ್ರಾಮರ್ ನೋಡಬಾರದಂಥ ಒಂದು ಮೌಲ್ಯವನ್ನು ಕೊಡುತ್ತವೆ, ಅದನ್ನು ಹಾಗೆಯೇ ಇಟ್ಟುಕೊಂಡು ಹಾಗೆಯೇ ಮರಳಿಸಬೇಕು. ಒಂದು ಅಕ್ಷರಕ್ಕೆ ಹಲವು ಬೈಟು ಹಿಡಿಯುವ ಪಠ್ಯದಲ್ಲಿ ಎಲ್ಲಿದ್ದೇವೆ ಎಂಬುದರ ಜೊತೆಗೆ ಅಕ್ಷರವನ್ನು ಬಿಡಿಸುವ ಕೆಲಸ ಎಲ್ಲಿಗೆ ಬಂದಿದೆ ಎಂಬುದೂ ಸ್ಥಾನದ ಭಾಗವೇ. ದೊಡ್ಡ ಕಡತಗಳಲ್ಲಂತೂ ಆ ಸಂಖ್ಯೆ ಹಳೆಯ ಪೂರ್ಣಾಂಕದ ಚೌಕಟ್ಟಿನಲ್ಲಿ ಹಿಡಿಸುತ್ತಲೇ ಇರಲಿಲ್ಲ. ಬರಿಯ ಪಠ್ಯ ಕಡತದ ಪಾಡೇ ಇದಾದರೆ, ನಡುವೆ ಸೇರುವ, ಅಳಿಯುವ, ಜರುಗುವ ರೆಕಾರ್ಡುಗಳ ಕಡತಕ್ಕೆ ಒಂಟಿ ಸಂಖ್ಯೆ ಸಾಲುವುದೆಂದು ನಂಬಲು ಆಧಾರವೇ ಇರಲಿಲ್ಲ. ಆದರೂ ನಂಬಿದರು.

ಆ ನಂಬಿಕೆಯ ಸ್ಪಷ್ಟ ಉದಾಹರಣೆ ಡಿಬೇಸ್. 1980ರ ದಶಕದ ಈ ತಂತ್ರಾಂಶದ ಡಿಬಿಎಫ್ ಕಡತದಲ್ಲಿ ಎಲ್ಲ ರೆಕಾರ್ಡುಗಳೂ ಒಂದೇ ಉದ್ದದವು, ಆದ್ದರಿಂದ ವಿಳಾಸವನ್ನು ಗುಣಿಸಿಯೇ ಕಂಡುಕೊಳ್ಳಬಹುದು. ಐದು ಅಂಕಣಗಳಿರುವ ಡಿಬೇಸ್ 3 ಕಡತದ ತಲೆಭಾಗ 193 ಬೈಟು: ಮೊದಲಿಗೆ 32, ಪ್ರತಿ ಅಂಕಣದ ವಿವರಣೆಗೆ 32ರಂತೆ 160, ಕೊನೆಯ ಗುರುತಿಗೆ 1. ರೆಕಾರ್ಡಿನ ಉದ್ದ 64 ಎಂದಿಟ್ಟುಕೊಂಡರೆ 412ನೆಯ ರೆಕಾರ್ಡಿನ ಹಿಂದೆ 411 ರೆಕಾರ್ಡುಗಳಿವೆ, ಅವು 26,304 ಬೈಟು ಹಿಡಿಯುತ್ತವೆ, ಹಾಗಾಗಿ ಅದು 26,497ನೇ ಬೈಟಿನ ನೆಲೆಯಿಂದ ಶುರುವಾಗುತ್ತದೆ. ರೆಕ್‌ನೋ ಎಂದು ಕೇಳಿದರೆ 412 ಎನ್ನುತ್ತದೆ, ಗೋಟೂ 412 ಎಂದರೆ ಕಣ್ಣುಮುಚ್ಚಿ ಅಲ್ಲಿಗೆ ಹೋಗುತ್ತದೆ. ರೆಕಾರ್ಡನ್ನು ಅಳಿಸಿದರೂ ಅದು ಕಡತದಿಂದ ಹೋಗುವುದಿಲ್ಲ, ಅದರ ಮೊದಲ ಬೈಟಿನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು. ಆಮೇಲೆ ಯಾರೋ ಪ್ಯಾಕ್ ಆಜ್ಞೆ ಕೊಡುತ್ತಾರೆ. ನಕ್ಷತ್ರ ಹೊತ್ತ ರೆಕಾರ್ಡುಗಳು ಕಡತದಿಂದ ಹೋಗುತ್ತವೆ, ಹಿಂದಿನವು ಮುಂದೆ ಸರಿಯುತ್ತವೆ. 412ಕ್ಕಿಂತ ಮೊದಲು ಮೂರು ಅಳಿದಿದ್ದರೆ ನಮ್ಮ ರೆಕಾರ್ಡು ಈಗ 409, ಮತ್ತು 412ರ ಜಾಗದಲ್ಲಿ ಕೂತಿರುವುದು ಹಿಂದೆ 415 ಆಗಿದ್ದ ಬೇರೆ ಯಾರದೋ ಲೆಕ್ಕ. ಉಳಿಸಿಟ್ಟ 412 ಈಗಲೂ ಸರಿಯಾದ ಸಂಖ್ಯೆಯೇ, ಗೋಟೂ ಈಗಲೂ ಯಶಸ್ವಿಯಾಗುತ್ತದೆ, ದೋಷದ ಸೂಚನೆ ಬರುವುದಿಲ್ಲ.

ಕ್ರಮಸಂಖ್ಯೆಯನ್ನೇ ಗುರುತಾಗಿ ಬಳಸುವುದು ತಪ್ಪಲ್ಲ, ಕ್ರಮಸಂಖ್ಯೆಯನ್ನು ಮತ್ತೆ ಎಣಿಸುವುದು ತಪ್ಪು. ಕರ್ನಾಟಕದ ಭೂದಾಖಲೆಯಲ್ಲಿ ಸರ್ವೆ ನಂಬರ್ 45ರ ಜಮೀನು ಪೋಡಿಯಾದರೆ 45/1, 45/2 ಎಂದು ಹಿಸ್ಸಾ ನಂಬರುಗಳು ಹುಟ್ಟುತ್ತವೆ, ಆದರೆ ಪಕ್ಕದ 46 ಎಂದೂ 47 ಆಗುವುದಿಲ್ಲ. ಬರ್ಕ್‌ಲಿ ಡಿಬಿ ಲೈಬ್ರರಿ ಈ ಭೇದವನ್ನು ಗುರುತಿಸಿ ಆಯ್ಕೆಯನ್ನು ಪ್ರೋಗ್ರಾಮರ್ ಕೈಗೇ ಕೊಟ್ಟಿತು. ಅದರ ರೆಕ್‌ನೋ ಬಗೆಯ ಕಡತದಲ್ಲಿ ಮರುಎಣಿಕೆ ಬೇಕೆಂದು ಕೇಳಿದರೆ ಮಾತ್ರ ಸಂಖ್ಯೆಗಳು ಸರಿಯುತ್ತವೆ. ಕೇಳದಿದ್ದರೆ ಅಳಿದ ರೆಕಾರ್ಡಿನ ಜಾಗ ಖಾಲಿಯಾಗಿಯೇ ಉಳಿದು, ಆ ಸಂಖ್ಯೆ ಕೊಟ್ಟವರಿಗೆ ಇಲ್ಲಿ ಈಗ ಏನೂ ಇಲ್ಲ ಎಂಬ ಪ್ರತ್ಯೇಕ ಉತ್ತರ ಸಿಗುತ್ತದೆ. ತಪ್ಪು ರೆಕಾರ್ಡು ಕೊಡುವುದಕ್ಕಿಂತ ಈ ಖಾಲಿ ಉತ್ತರ ಎಷ್ಟೋ ವಾಸಿ.

ಡಿಬೇಸ್ ಮತ್ತು ಅದರ ಹಾದಿಯಲ್ಲೇ ಬಂದ ಫಾಕ್ಸ್‌ಪ್ರೊ ಇನ್ನೊಂದು ಕೊರತೆಯನ್ನೂ ಬಯಲು ಮಾಡುತ್ತವೆ. ರೆಕಾರ್ಡಿನ ಸಂಖ್ಯೆ ಸರಿಯಿದ್ದರೂ ಮುಂದಿನ ರೆಕಾರ್ಡು ಯಾವುದು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಹೆಸರಿನ ಇಂಡೆಕ್ಸ್ ಚಾಲ್ತಿಯಲ್ಲಿದ್ದರೆ ಸ್ಕಿಪ್ ಎಂದಾಗ ಬರುವುದು ಹೆಸರಿನ ಪ್ರಕಾರ ಮುಂದಿನದು, ಊರಿನ ಇಂಡೆಕ್ಸ್ ಇದ್ದರೆ ಊರಿನ ಪ್ರಕಾರ. ಆದ್ದರಿಂದ ಫಾಕ್ಸ್‌ಪ್ರೊದಲ್ಲಿ ಬರೆಯುವವರು ಪ್ರತಿ ಫಂಕ್ಷನ್ನಿನ ಮೊದಲಿಗೆ ರೆಕಾರ್ಡಿನ ಸಂಖ್ಯೆ, ಚಾಲ್ತಿಯ ಇಂಡೆಕ್ಸು, ಆಯ್ದುಕೊಂಡ ಟೇಬಲ್ಲು ಮೂರನ್ನೂ ಉಳಿಸಿಟ್ಟು ಕೊನೆಗೆ ಮೂರನ್ನೂ ಮರಳಿಸುವ ರೂಢಿ ಬೆಳೆಸಿಕೊಳ್ಳಬೇಕಾಯಿತು. ಅಲ್ಲೂ ಒಂದು ಹೊಂಡವಿತ್ತು: ಕರ್ಸರು ಕಡತದ ಕೊನೆ ದಾಟಿ ನಿಂತಿದ್ದರೆ ರೆಕ್‌ನೋ ಒಟ್ಟು ಸಂಖ್ಯೆಗಿಂತ ಒಂದು ಹೆಚ್ಚು ಕೊಡುತ್ತದೆ, ಅದನ್ನೇ ಗೋಟೂಗೆ ಕೊಟ್ಟರೆ ರೆಕಾರ್ಡು ಮಿತಿಯ ಹೊರಗಿದೆ ಎಂದು ಪ್ರೋಗ್ರಾಂ ನಿಲ್ಲುತ್ತದೆ. ಲೈಬ್ರರಿ ತಾನೇ ಕೊಟ್ಟ ಸ್ಥಾನವನ್ನು ತಾನೇ ಒಪ್ಪುವುದಿಲ್ಲ. ಕೊನೆಯಾಚೆ ನಿಂತಿರುವುದೂ ನ್ಯಾಯವಾದ ಸ್ಥಾನವೇ. ಅದನ್ನು ಉಳಿಸಲು, ಮರಳಿಸಲು ಬಾರದ ಸೌಲಭ್ಯ ಅರ್ಧ ಸೌಲಭ್ಯ.

ಅದೇ ಕಾಲದ ಬಿಟ್ರೀವ್ ಎಂಬ ಲೈಬ್ರರಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿತ್ತು. ಅದರ 22ನೆಯ ಕಾರ್ಯ ಗೆಟ್ ಪೊಸಿಷನ್, ಈಗಿನ ರೆಕಾರ್ಡಿನ ನಾಲ್ಕು ಬೈಟಿನ ಭೌತಿಕ ವಿಳಾಸವನ್ನು ಕೊಡುತ್ತದೆ. 23ನೆಯ ಗೆಟ್ ಡೈರೆಕ್ಟ್ ಆ ವಿಳಾಸಕ್ಕೆ ಮರಳುತ್ತದೆ, ಆದರೆ ಮರಳುವಾಗ ಕೀ ಸಂಖ್ಯೆಯನ್ನೂ ಕೇಳುತ್ತದೆ. ಯಾವ ಅನುಕ್ರಮದಲ್ಲಿ ಮುಂದುವರಿಯಬೇಕು ಎಂದು ಹೇಳದೆ ಸ್ಥಾನ ಪೂರ್ತಿಯಾಗದು ಎಂಬ ತಿಳಿವಳಿಕೆ ಆ ವಿನ್ಯಾಸದಲ್ಲೇ ಇದೆ. ಹೀಗಿದ್ದೂ ಅದು ಭೌತಿಕ ವಿಳಾಸವನ್ನು ನಂಬಿತು, ಆ ನಂಬಿಕೆಯ ಅಪಾಯ ಅಳಿದ ರೆಕಾರ್ಡಿನ ಜಾಗವನ್ನು ಮರುಬಳಸುವುದರಲ್ಲಿದೆ. ಹಳೆಯ ರೆಕಾರ್ಡು ಅಳಿದು, ಅದೇ ಜಾಗಕ್ಕೆ ಹೊಸದೊಂದು ಬಂದು ಕೂತರೆ, ಉಳಿಸಿಟ್ಟ ವಿಳಾಸ ಯಾವ ತಕರಾರೂ ಇಲ್ಲದೆ ಹೊಸಬರನ್ನು ಹಳಬರೆಂದು ಕೊಡುತ್ತದೆ. ಇದು ಹಳೆಯ ಲೈಬ್ರರಿಗಳ ಸಮಸ್ಯೆ ಮಾತ್ರವಲ್ಲ. ಅಳಿದ ಸಾಲಿನ ವಿಳಾಸವಾದ ರೋಐಡಿಯನ್ನು ಮುಂದೆ ಹೊಸ ಸಾಲಿಗೆ ಕೊಡಬಹುದು ಎಂದು ಒರಾಕಲ್ ತನ್ನ ಕೈಪಿಡಿಯಲ್ಲೇ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲಿನ ಭೌತಿಕ ನೆಲೆ ಪ್ರತಿ ಬದಲಾವಣೆಗೂ ಬದಲಾಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಪೂರ್ಣಾಂಕದ ಪ್ರಾಥಮಿಕ ಕೀ ಘೋಷಿಸದ ಟೇಬಲ್ಲುಗಳ ರೋಐಡಿ ವ್ಯಾಕ್ಯೂಮ್ ಆದ ಮೇಲೆ ಬೇರೆಯಾಗಬಹುದು. ಈ ರೋಗಕ್ಕೆ ಒಳ್ಳೆಯ ಮದ್ದು ಕಂಡದ್ದು ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ಪದ್ಧತಿಯಲ್ಲಿ. ಅಲ್ಲಿ ಕಡತದ ಗುರುತಿನೊಳಗೆ ಅದರ ಐನೋಡ್ ಸಂಖ್ಯೆಯ ಜೊತೆ ತಲೆಮಾರಿನ ಸಂಖ್ಯೆಯೊಂದನ್ನೂ ಸೇರಿಸುತ್ತಾರೆ. ಐನೋಡ್ ಮರುಬಳಕೆಯಾದಾಗಲೆಲ್ಲ ತಲೆಮಾರು ಬದಲಾಗುತ್ತದೆ, ಹಳೆಯ ಗುರುತು ತಂದವರಿಗೆ ಇದು ಹಳಸಿದೆ ಎಂಬ ಉತ್ತರ ಸಿಗುತ್ತದೆ. ನಾಲ್ಕು ಬೈಟಿನ ಖರ್ಚಿನಲ್ಲಿ ಬಗೆಹರಿಯುವ ಈ ತೊಂದರೆಯನ್ನು ಎಷ್ಟೋ ಲೈಬ್ರರಿಗಳು ಇಂದಿಗೂ ಹಾಗೆಯೇ ಬಿಟ್ಟಿವೆ ಎಂಬುದು ಬೇಸರದ ಸಂಗತಿ.

ದೊಡ್ಡ ಕಂಪ್ಯೂಟರುಗಳ ಲೋಕ ಈ ಪಾಠವನ್ನು ಮೊದಲೇ ಕಲಿತಿತ್ತು. ಐಬಿಎಂ 1970ರ ದಶಕದಲ್ಲಿ ತಂದ ವಿಸ್ಯಾಮ್‌ನಲ್ಲಿ ಕಡತಗಳಿಗೆ ಹಲವು ಬಗೆ. ಬಂದ ಕ್ರಮದಲ್ಲೇ ರೆಕಾರ್ಡು ಸೇರಿಸುವ ಬಗೆಯಲ್ಲಿ ಯಾವುದೂ ಜರುಗುವುದಿಲ್ಲ, ಅಳಿದೂ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಬೈಟಿನ ವಿಳಾಸವೇ ಸ್ಥಾನವಾಗಬಲ್ಲದು. ಕೀ ಪ್ರಕಾರ ಜೋಡಿಸುವ ಬಗೆಯಲ್ಲಿ ಒಂದು ಖಂಡ ತುಂಬಿದರೆ ಅದು ಒಡೆದು ಸುಮಾರು ಅರ್ಧದಷ್ಟು ರೆಕಾರ್ಡುಗಳು ಬೇರೆ ಖಂಡಕ್ಕೆ ಹೋಗುತ್ತವೆ, ಅವುಗಳ ವಿಳಾಸ ಬದಲಾಗುತ್ತದೆ. ಹಾಗಾಗಿ ಆ ಬಗೆಯ ಕಡತದಲ್ಲಿ ವಿಳಾಸವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಬ್ಯಾಂಕು, ವಿಮಾ ಕಂಪನಿಗಳ ತೆರೆಗಳನ್ನು ನಡೆಸುತ್ತಿದ್ದ ಸಿಐಸಿಎಸ್ ಎಂಬ ವ್ಯವಸ್ಥೆಯಲ್ಲಿ ಈ ವಿವೇಕ ಕೆಲಸದ ರೀತಿಯೇ ಆಯಿತು. ಒಂದು ತೆರೆ ತೋರಿಸಿ ಬಳಕೆದಾರರ ಉತ್ತರಕ್ಕೆ ಕಾಯುವಾಗ ಪ್ರೋಗ್ರಾಂ ನೆನಪಿನಲ್ಲಿ ಉಳಿಯುವುದೇ ಇಲ್ಲ, ಕೆಲಸ ಮುಗಿಸಿ ಹೊರಟುಹೋಗುತ್ತದೆ. ಕಡತದ ಮೇಲೆ ತೆರೆದಿದ್ದ ಓದೂ ಅದರೊಂದಿಗೇ ಮುಗಿಯುತ್ತದೆ. ಕೊನೆಗೆ ತೋರಿಸಿದ ಕೀಯನ್ನು ಕಾಮ್‌ಏರಿಯಾ ಎಂಬ ಉಳಿಯುವ ಜಾಗದಲ್ಲಿ ಬರೆದಿಟ್ಟು, ಬಳಕೆದಾರರು ಗುಂಡಿ ಒತ್ತಿದಾಗ ಓದು ಶುರುಮಾಡುವ ಸ್ಟಾರ್ಟ್‌ಬಿಆರ್ ಆಜ್ಞೆಯನ್ನು ಹೊಸದಾಗಿ ಕೊಟ್ಟು ಆ ಕೀಯಿಂದ ಮುಂದುವರಿಯುತ್ತಾರೆ. ಕೋಬಾಲ್‌ನ ಸ್ಟಾರ್ಟ್ ಆಜ್ಞೆಯೂ ಇದೇ ಜಾತಿಯದು: ಈ ಕೀಗಿಂತ ದೊಡ್ಡದಾದ ಮೊದಲ ರೆಕಾರ್ಡಿಗೆ ಹೋಗು. ಯಾವ ಬೈಟಿನಲ್ಲಿದ್ದೆವು ಎಂಬ ಮಾತೇ ಇಲ್ಲ. ಇಂದಿನ ವೆಬ್ ತಾಣಗಳ ಮುಂದಿನ ಪುಟ ಗುಂಡಿಗೂ ಆ ತೆರೆಗಳಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ, ಹಾಗಿದ್ದೂ ವೆಬ್ ಲೋಕ ಈ ಪಾಠವನ್ನು ಮೊದಲಿನಿಂದ ಮತ್ತೆ ಕಲಿಯಬೇಕಾಯಿತು.

ಕರ್ಸರನ್ನೇ ಇಲ್ಲವಾಗಿಸಿದರೆ ಹೇಗೆ ಎಂಬ ದಾರಿಯನ್ನೂ ನೋಡಬೇಕು. ಚಾರ್ಲ್ಸ್ ಬ್ಯಾಕ್‌ಮನ್ 1973ರ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ ಪ್ರೋಗ್ರಾಮರನ್ನು ದತ್ತಾಂಶದ ನಡುವೆ ದಾರಿ ಕಂಡುಕೊಂಡು ಸಾಗುವ ನಾವಿಕನೆಂದು ಬಣ್ಣಿಸಿದರು. ಅವರ ಚಿಂತನೆಯಿಂದ ಬೆಳೆದ ಕೊಡಾಸಿಲ್ ಪದ್ಧತಿಯಲ್ಲಿ ಚಾಲ್ತಿಯ ಸ್ಥಾನ ಒಂದಲ್ಲ, ಹಲವು: ಇಡೀ ಪ್ರೋಗ್ರಾಮಿಗೊಂದು, ಪ್ರತಿ ರೆಕಾರ್ಡು ಬಗೆಗೊಂದು, ಪ್ರತಿ ಸಂಬಂಧಕ್ಕೊಂದು. ಒಂದು ಫೈಂಡ್ ಆಜ್ಞೆ ಇವುಗಳಲ್ಲಿ ಹಲವನ್ನು ಒಮ್ಮೆಗೇ ಕದಲಿಸುತ್ತಿತ್ತು, ಬೇಡವಾದರೆ ಕದಲಿಸಬೇಡ ಎಂದು ಪ್ರತ್ಯೇಕವಾಗಿ ಹೇಳಬೇಕಿತ್ತು. 1970ರಲ್ಲಿ ಎಡ್ಗರ್ ಕಾಡ್ ಮುಂದಿಟ್ಟ ಸಂಬಂಧಾತ್ಮಕ ಮಾದರಿ ಈ ಜಂಜಾಟವನ್ನೇ ಬದಿಗಿಟ್ಟಿತು: ಏನು ಬೇಕೆಂದು ಹೇಳಿ, ಹೇಗೆ ಹೋಗಬೇಕೆಂದು ಯಂತ್ರ ನೋಡಿಕೊಳ್ಳುತ್ತದೆ. ಆದರೆ ಪ್ರೋಗ್ರಾಂ ಉತ್ತರವನ್ನು ಒಂದೊಂದೇ ಸಾಲಾಗಿ ಓದುವುದು ತಪ್ಪಲಿಲ್ಲ, ಆದ್ದರಿಂದ ಎಸ್‌ಕ್ಯೂಎಲ್‌ನಲ್ಲೂ ಕರ್ಸರು ಉಳಿಯಿತು. ಯಂತ್ರದ ಒಳಗಂತೂ ಇದ್ದೇ ಇತ್ತು. 1976ರಲ್ಲಿ ಐಬಿಎಂನ ಸಿಸ್ಟಮ್ ಆರ್ ತಂಡಕ್ಕೆ ಎದುರಾದ ತೊಂದರೆ ಇದಕ್ಕೆ ಸಾಕ್ಷಿ. 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆಲ್ಲ ಶೇಕಡಾ ಹತ್ತರಷ್ಟು ಏರಿಕೆ ಕೊಡುವ ಆಜ್ಞೆ ಯಶಸ್ವಿಯಾಗಿ ಮುಗಿಯಿತು, ಆದರೆ ಕೊನೆಗೆ ನೋಡಿದರೆ 25,000ಕ್ಕಿಂತ ಕಡಿಮೆ ಸಂಬಳದವರು ಒಬ್ಬರೂ ಉಳಿದಿರಲಿಲ್ಲ. ಸಂಬಳದ ಇಂಡೆಕ್ಸಿನಲ್ಲಿ ಕರ್ಸರು ಮುಂದೆ ಸಾಗುತ್ತಿದ್ದಂತೆ, ಏರಿಕೆ ಪಡೆದ ರೆಕಾರ್ಡು ಅದೇ ಇಂಡೆಕ್ಸಿನಲ್ಲಿ ಕರ್ಸರಿನ ಮುಂದಕ್ಕೆ ಜಿಗಿದು ಮತ್ತೆ ಅದರ ಕೈಗೆ ಸಿಕ್ಕಿ ಮತ್ತೆ ಏರಿಕೆ ಪಡೆಯುತ್ತಿತ್ತು. ಅಂದು ಹ್ಯಾಲೊವೀನ್ ಹಬ್ಬವಾಗಿದ್ದರಿಂದ ಇದಕ್ಕೆ ಆ ಹೆಸರೇ ನಿಂತಿತು. ಕರ್ಸರನ್ನು ಪ್ರೋಗ್ರಾಮರ್ ಕಣ್ಣಿನಿಂದ ಮರೆಮಾಡಬಹುದು, ಅದರ ಸ್ಥಾನದ ಪ್ರಶ್ನೆ ಅಷ್ಟರಿಂದ ಬಗೆಹರಿಯುವುದಿಲ್ಲ.

ಕೀಯನ್ನೇ ಸ್ಥಾನವಾಗಿ ಉಳಿಸುವುದು ಸರಿಯಾದ ದಾರಿ ಎಂದರೂ ಅಲ್ಲಿ ಎಚ್ಚರ ತಪ್ಪುವಂತಿಲ್ಲ. ಸಹಕಾರ ಸಂಘವೊಂದರ ಸದಸ್ಯರ ಕಡತವನ್ನು ಹೆಸರಿನ ಪ್ರಕಾರ, ಪುಟಕ್ಕೆ ಇಪ್ಪತ್ತರಂತೆ ತೋರಿಸುತ್ತಿದ್ದೇವೆ ಎಂದುಕೊಳ್ಳಿ. ಮಂಜುನಾಥ ಎಂಬ ಹೆಸರಿನವರು ಮೂವತ್ತೈದು ಮಂದಿ ಇದ್ದು, ಪುಟವೊಂದು ಅವರ ಮೊದಲ ಇಪ್ಪತ್ತರಿಂದಲೇ ತುಂಬಿತು. ಉಳಿಸಿದ್ದು ಮಂಜುನಾಥ ಎಂಬ ಹೆಸರು ಮಾತ್ರವಾದರೆ, ಅದಕ್ಕಿಂತ ದೊಡ್ಡದರಿಂದ ಶುರುಮಾಡು ಎಂದಾಗ ಉಳಿದ ಹದಿನೈದು ಮಂದಿ ಪಟ್ಟಿಯಿಂದಲೇ ಮಾಯ. ಅದಕ್ಕೆ ಸಮ ಅಥವಾ ದೊಡ್ಡದರಿಂದ ಎಂದರೆ ಅದೇ ಇಪ್ಪತ್ತು ಮಂದಿಯ ಪುಟವೇ ಮತ್ತೆ ಮತ್ತೆ ಬರುತ್ತದೆ, ಪಟ್ಟಿ ಮುಗಿಯುವುದೇ ಇಲ್ಲ. ಹೆಸರಿನ ಜೊತೆಗೆ ಎಂದೂ ಬದಲಾಗದ ಸದಸ್ಯತ್ವ ಸಂಖ್ಯೆಯನ್ನೂ ಉಳಿಸಿ, ಎರಡನ್ನೂ ಸೇರಿಸಿ ಹೋಲಿಸಿದಾಗ ಮಾತ್ರ ಕಡತದಲ್ಲಿ ಒಂದೇ ಒಂದು ಬಿಂದು ಗೊತ್ತಾಗುತ್ತದೆ. ಇಷ್ಟು ಪುಟ ದಾಟಿ ಮುಂದಿನದು ಕೊಡು ಎಂದು ಎಣಿಕೆಯಿಂದ ಕೇಳುವ ಆಫ್‌ಸೆಟ್ ಪದ್ಧತಿ ಇದಕ್ಕಿಂತ ಸುಲಭವಾಗಿ ಕಾಣುತ್ತದೆ, ಎಲ್ಲೆಲ್ಲೂ ಬಳಕೆಯಲ್ಲೂ ಇದೆ. ಆದರೆ ಲಕ್ಷ ಸಾಲು ದಾಟಬೇಕೆಂದರೆ ಯಂತ್ರ ಆ ಲಕ್ಷವನ್ನೂ ಓದಿ ಎಸೆಯಬೇಕಾಗುತ್ತದೆ. ಅಷ್ಟರ ನಡುವೆ ಮೊದಲ ಪುಟದಲ್ಲಿ ಒಬ್ಬರು ಸೇರಿದರೆ ಕೊನೆಗೆ ಕಂಡವರು ಮತ್ತೆ ಕಾಣುತ್ತಾರೆ, ಒಬ್ಬರು ಹೋದರೆ ಇನ್ನೊಬ್ಬರು ಕಾಣದೇ ಉಳಿಯುತ್ತಾರೆ. ಕಾಣದೇ ಉಳಿದವರು ಸಾಲದ ಬಡ್ಡಿ ಮನ್ನಾ ಪಟ್ಟಿಯಲ್ಲಿ ಇರಬೇಕಾದವರಾಗಿದ್ದರೆ ಅದನ್ನು ತಾಂತ್ರಿಕ ಸಣ್ಣ ವಿಷಯವೆಂದು ತಳ್ಳಿಹಾಕಲು ಬರುವುದಿಲ್ಲ.

ಕರ್ಸರು ನಿಂತಿದ್ದ ರೆಕಾರ್ಡೇ ಅಳಿದುಹೋದರೆ ಏನು ಮಾಡಬೇಕು ಎಂಬುದು ಈ ಎಲ್ಲ ವಿನ್ಯಾಸಗಳ ನಿಜವಾದ ಪರೀಕ್ಷೆ. ಸ್ಥಾನವನ್ನು ರೆಕಾರ್ಡಿನ ಮೇಲಿನ ಬಿಂದು ಎಂದುಕೊಂಡರೆ ಇಲ್ಲಿ ಉತ್ತರವೇ ಇಲ್ಲ. ಎರಡು ರೆಕಾರ್ಡುಗಳ ನಡುವಿನ ಸಂದು ಎಂದುಕೊಂಡರೆ ತೊಂದರೆಯೂ ಇಲ್ಲ, ಏಕೆಂದರೆ ಅಕ್ಕಪಕ್ಕದವರು ಹೋದರೂ ಅನುಕ್ರಮದಲ್ಲಿ ಆ ಸಂದು ಎಲ್ಲಿತ್ತೋ ಅಲ್ಲೇ ಇರುತ್ತದೆ. ಬರ್ಕ್‌ಲಿ ಡಿಬಿಯ ಕರ್ಸರು ತನ್ನ ಕೆಳಗಿನ ರೆಕಾರ್ಡು ಅಳಿದರೆ ಈಗಿನದು ಖಾಲಿ ಎನ್ನುತ್ತದೆ, ಮುಂದಿನದು ಕೇಳಿದರೆ ಸರಿಯಾಗಿ ಕೊಡುತ್ತದೆ. ಅಮೆಜಾನ್‌ನ ಡೈನಮೋಡಿಬಿ ಪ್ರತಿ ಪುಟದ ಕೊನೆಗೆ ಕೊನೆಯ ಕೀಯನ್ನು ಕೊಟ್ಟು, ಮುಂದಿನ ಸಲ ಅದನ್ನು ಬಿಟ್ಟು ಅದರಾಚೆಯಿಂದ ಶುರುಮಾಡುತ್ತದೆ, ಆ ಕೀಯ ರೆಕಾರ್ಡು ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ವಿರುದ್ಧದ ನಿದರ್ಶನ ಬಿಎಸ್‌ಡಿ ಯೂನಿಕ್ಸಿನ ಸೀಕ್‌ಡಿರ್. ಡೈರೆಕ್ಟರಿಯಲ್ಲಿ ಉಳಿಸಿಟ್ಟ ಸ್ಥಾನಕ್ಕೆ ಮರಳಲು ಅದು ಖಂಡದ ಮೊದಲಿನಿಂದ ಒಂದೊಂದೇ ನಮೂದನ್ನು ಓದುತ್ತಾ ಬರುತ್ತಿತ್ತು. ಆದರೆ ಓದುವ ಫಂಕ್ಷನ್ನು ಅಳಿದ ನಮೂದುಗಳನ್ನು ಸದ್ದಿಲ್ಲದೆ ಹಾರಿಸುತ್ತಿದ್ದುದರಿಂದ ಕೆಲವು ಸಲ ಗುರಿ ದಾಟಿ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿತ್ತು. ಓಪನ್‌ಬಿಎಸ್‌ಡಿಯ ಮಾರ್ಕ್ ಬಾಲ್ಮರ್ 2008ರಲ್ಲಿ ಸಾಂಬಾ ಕಡತ ಸರ್ವರಿನ ತೊಂದರೆಯೊಂದರ ಜಾಡು ಹಿಡಿದು ಹೊರಟು ಇದನ್ನು ಕಂಡುಹಿಡಿದಾಗ ಆ ದೋಷಕ್ಕೆ ಸುಮಾರು ಇಪ್ಪತ್ತೈದು ವರ್ಷ ವಯಸ್ಸಾಗಿತ್ತು. ಅಷ್ಟು ಕಾಲ ಅದು ಬಯಲಾಗಲಿಲ್ಲ ಎಂಬುದೇ ಈ ಬಗೆಯ ತಪ್ಪಿನ ಸ್ವಭಾವ: ಒಂದು ಹೆಸರು ಬಿಟ್ಟುಹೋದ ಪಟ್ಟಿ ಸರಿಯಾದ ಪಟ್ಟಿಯ ಹಾಗೆಯೇ ಕಾಣುತ್ತದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ವೇಗದ್ದು. ವಿಳಾಸವಿದ್ದರೆ ಒಂದೇ ಹೆಜ್ಜೆ, ಕೀ ಇದ್ದರೆ ಇಂಡೆಕ್ಸಿನ ಮರವನ್ನು ಮೇಲಿನಿಂದ ಇಳಿಯಬೇಕು. ನಿಜ, ಆದರೆ ಎಷ್ಟು ಇಳಿಯಬೇಕು ಎಂದು ಲೆಕ್ಕ ಹಾಕಿ ನೋಡಬಹುದು. ಒಂದೊಂದು ಗಂಟಿನಿಂದ 200 ಕವಲು ಒಡೆಯುವ ಬಿ-ಟ್ರೀಯಲ್ಲಿ ಮೂರು ಹಂತಕ್ಕೆ 80 ಲಕ್ಷ, ನಾಲ್ಕು ಹಂತಕ್ಕೆ 160 ಕೋಟಿ ರೆಕಾರ್ಡು ಹಿಡಿಸುತ್ತವೆ, ಮೇಲಿನ ಹಂತಗಳು ಸಾಮಾನ್ಯವಾಗಿ ಮೆಮೊರಿಯಲ್ಲೇ ಇರುತ್ತವೆ. ಅಷ್ಟೂ ಭಾರವೆನಿಸಿದರೆ ಎರಡನ್ನೂ ಸೇರಿಸುವ ದಾರಿ ಇದೆ, ಅದನ್ನು ಮಾಡಿ ತೋರಿಸಿದ್ದು ಮೈಎಸ್‌ಕ್ಯೂಎಲ್‌ನ ಒಳಗಿರುವ ಇನ್ನೋಡಿಬಿ. ಅದರ ಪರ್ಸಿಸ್ಟೆಂಟ್ ಕರ್ಸರು ಸ್ಥಾನ ಉಳಿಸುವಾಗ ರೆಕಾರ್ಡಿನ ಕೀ ಭಾಗದ ನಕಲು, ಅದರ ಮೇಲಿದ್ದೆವೋ ಹಿಂದೋ ಮುಂದೋ ಎಂಬ ಗುರುತು, ಆ ಪುಟದ ಬದಲಾವಣೆಯ ಗಡಿಯಾರದ ಅಂಕಿ ಇವನ್ನೆಲ್ಲ ಇಟ್ಟುಕೊಳ್ಳುತ್ತದೆ. ಮರದ ಮೊದಲ ರೆಕಾರ್ಡಿಗಿಂತ ಹಿಂದೆ, ಕೊನೆಯದಕ್ಕಿಂತ ಆಚೆ ಎಂಬ ಸ್ಥಾನಗಳಿಗೂ ಅಲ್ಲಿ ಹೆಸರಿದೆ. ಮರಳುವಾಗ ಮೊದಲು ಗಡಿಯಾರ ನೋಡುತ್ತದೆ. ಅಂಕಿ ಅದೇ ಆಗಿದ್ದರೆ ಪುಟ ಬದಲಾಗಿಲ್ಲ, ಹಳೆಯ ವಿಳಾಸಕ್ಕೇ ನೇರವಾಗಿ ಹೋಗುತ್ತದೆ. ಬದಲಾಗಿದ್ದರೆ ಕೀ ಹಿಡಿದು ಮರದ ಮೇಲಿನಿಂದ ಹುಡುಕುತ್ತದೆ. ಅಷ್ಟೇ ಅಲ್ಲ, ಅದೇ ರೆಕಾರ್ಡಿಗೆ ಬಂದು ನಿಂತೆನೋ ಅಥವಾ ಅದಿಲ್ಲದೆ ಅದರ ಪಕ್ಕಕ್ಕೋ ಎಂಬುದನ್ನು ಕರೆದವರಿಗೆ ತಿಳಿಸುತ್ತದೆ. ಸ್ಥಾನ ಪೂರ್ತಿಯಾಗಲು ಬೇಕೆಂದು ಮೊದಲಲ್ಲಿ ಹೇಳಿದ ನಾಲ್ಕೂ ಇಲ್ಲಿವೆ, ವೇಗವೂ ಇದೆ. ರೆಕಾರ್ಡು ಕಡತದ ಲೈಬ್ರರಿ ಬರೆಯಲು ಹೊರಟವರು ಬೇರೇನನ್ನೂ ಓದದಿದ್ದರೂ ಈ ಒಂದು ಭಾಗವನ್ನು ಓದಬೇಕು.

ಎರಡನೆಯ ಆಕ್ಷೇಪ: ಕಡತದ ಒಂದು ಸ್ಥಿರ ನೋಟವನ್ನು ಹಿಡಿದಿಟ್ಟುಕೊಂಡರೆ ಇಷ್ಟೆಲ್ಲ ಏಕೆ ಬೇಕು? ಲೆವೆಲ್‌ಡಿಬಿಯ ಸ್ನ್ಯಾಪ್‌ಶಾಟು, ಪೋಸ್ಟ್‌ಗ್ರೆಸ್‌ನ ಬಹು ಆವೃತ್ತಿಯ ಪದ್ಧತಿ ಇದನ್ನು ಕೊಡುತ್ತವೆ, ಹಾಗೆ ಓದುವವರೆಗೆ ಯಾರು ಏನು ಬದಲಿಸಿದರೂ ನಮ್ಮ ನೋಟ ಕದಲದು. ಒಂದು ವರದಿ ಮುಗಿಯುವಷ್ಟು ಹೊತ್ತಿಗೆ ಇದೇ ಒಳ್ಳೆಯ ಉತ್ತರ. ಆದರೆ ಹಿಡಿದಿಟ್ಟ ನೋಟಕ್ಕಾಗಿ ಹಳೆಯ ಆವೃತ್ತಿಗಳೆಲ್ಲ ಡಿಸ್ಕಿನಲ್ಲಿ ಉಳಿಯಬೇಕಾಗುತ್ತದೆ, ಪ್ರೋಗ್ರಾಂ ನಿಂತರೆ ಆ ನೋಟವೂ ಹೋಗುತ್ತದೆ. ಊಟಕ್ಕೆ ಎದ್ದುಹೋದ ಬಳಕೆದಾರರಿಗಾಗಿ, ಕರೆಂಟು ಹೋಗಿ ನಿಂತ ಲೆಕ್ಕಕ್ಕಾಗಿ ಅದನ್ನು ಕಾಯಿಸಲಾಗದು. ಮೂರನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ: ಕೊನೆಗೆ ಸೇರಿಸುವುದು ಬಿಟ್ಟರೆ ಬೇರೇನೂ ನಡೆಯದ ಕಡತಕ್ಕೆ ಕ್ರಮಸಂಖ್ಯೆಗಿಂತ ಉತ್ತಮ ಸ್ಥಾನವಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾ ಈ ತತ್ವದ ಮೇಲೆಯೇ ನಿಂತಿದೆ. ಅಲ್ಲಿ ಸಂದೇಶಕ್ಕೆ ಒಮ್ಮೆ ಕೊಟ್ಟ ಆಫ್‌ಸೆಟ್ ಎಂದೂ ಬದಲಾಗುವುದಿಲ್ಲ. ಹಳೆಯವನ್ನು ತೆಗೆದು ಕಡತವನ್ನು ಅಡಕಗೊಳಿಸಿದರೂ ಉಳಿದವುಗಳ ಸಂಖ್ಯೆ ಅದೇ, ಇಲ್ಲದ ಸಂಖ್ಯೆ ಕೇಳಿದರೆ ಅದರ ನಂತರದ್ದು ಸಿಗುತ್ತದೆ. ಆದರೂ ಒಂದು ಕಡೆ ಅದೂ ಜಾರುತ್ತದೆ. ಉಳಿಸಿಟ್ಟ ಆಫ್‌ಸೆಟ್ಟಿನ ಸಂದೇಶಗಳು ಕಾಲಮಿತಿ ಮೀರಿ ಅಳಿದುಹೋಗಿದ್ದರೆ ಓದುಗ ಪ್ರೋಗ್ರಾಂ ಏನು ಮಾಡಬೇಕೆಂದು ಒಂದು ಸೆಟ್ಟಿಂಗ್ ಹೇಳುತ್ತದೆ: ಇರುವುದರ ಮೊದಲಿಗೆ ಹೋಗು, ಕೊನೆಗೆ ಹೋಗು, ಅಥವಾ ದೋಷ ಹೇಳಿ ನಿಲ್ಲು. ಯಾರೂ ಏನೂ ಹೇಳದಿದ್ದರೆ ಅದು ಕೊನೆಗೆ ಹೋಗುತ್ತದೆ, ನಡುವೆ ಇದ್ದದ್ದೆಲ್ಲ ಓದದೇ ಉಳಿಯುತ್ತದೆ. ನಿಲ್ಲುವುದೇ ಮೂಲ ಆಯ್ಕೆಯಾಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನುಳಿದದ್ದು ಅನುಕ್ರಮದ ಪ್ರಶ್ನೆ, ಇದು ಕನ್ನಡದ ಕಡತಗಳಿಗೆ ನೇರವಾಗಿ ತಟ್ಟುತ್ತದೆ. ಕೀ ಸ್ಥಾನವಾಗಬೇಕಾದರೆ ಯಾವ ಕೀ ಮೊದಲು, ಯಾವುದು ಆಮೇಲೆ ಎಂಬುದು ಸ್ಥಿರವಾಗಿರಬೇಕು. ಯೂನಿಕೋಡಿನಲ್ಲಿ ಳ ಅಕ್ಷರದ ಸಂಕೇತ ಲ ಮತ್ತು ವ ನಡುವೆ ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಬರಿಯ ಸಂಕೇತದ ಪ್ರಕಾರ ಜೋಡಿಸಿದರೆ ಕಳಸ ಮೊದಲು, ಕವನ ಆಮೇಲೆ, ಕಹಿ ಅದರ ನಂತರ. ವರ್ಣಮಾಲೆಯ ಪ್ರಕಾರ ಕವನ, ಕಹಿ ಮೊದಲು, ಕಳಸ ಕೊನೆಗೆ. ಸಂಕೇತದ ಕ್ರಮದಲ್ಲಿ ಓದುತ್ತಾ ಕಳಸದವರೆಗೆ ಬಂದು ಸ್ಥಾನ ಉಳಿಸಿದ್ದೇವೆ, ಆಮೇಲೆ ಇಂಡೆಕ್ಸನ್ನು ವರ್ಣಮಾಲೆಯ ಕ್ರಮಕ್ಕೆ ಬದಲಿಸಿದರು. ಈಗ ಕಳಸದ ನಂತರದ್ದು ಕೊಡು ಎಂದರೆ ಕವನವೂ ಕಹಿಯೂ ಬರುವುದೇ ಇಲ್ಲ. ಇದಲ್ಲದೆ ಕೊ ಎಂಬಂಥ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳನ್ನು ಹೋಲಿಸುವ ಲೈಬ್ರರಿಗೆ ಬೇರೆ ಬೇರೆ. ಒಂದು ರೂಪದಲ್ಲಿ ಉಳಿಸಿಟ್ಟ ಕೀ ಇನ್ನೊಂದು ರೂಪದಲ್ಲಿರುವ ರೆಕಾರ್ಡಿನ ಮೇಲೆ ಕೂರುವುದಿಲ್ಲ. ಕ್ರಮ ಬದಲಾಗಲು ಯಾರೂ ಬೇಕೆಂದೇ ಬದಲಿಸಬೇಕಾಗಿಯೂ ಇಲ್ಲ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಲಿನಕ್ಸಿನ ಅಕ್ಷರಕ್ರಮದ ನಿಯಮಗಳನ್ನು ಪರಿಷ್ಕರಿಸಿದಾಗ, ಆ ಕ್ರಮವನ್ನು ನೆಚ್ಚಿ ಕಟ್ಟಿದ್ದ ಪೋಸ್ಟ್‌ಗ್ರೆಸ್ ಇಂಡೆಕ್ಸುಗಳು ತಪ್ಪು ಉತ್ತರ ಕೊಡತೊಡಗಿ, ಮರಳಿ ಕಟ್ಟಬೇಕಾಗಿ ಬಂತು. ಆಪರೇಟಿಂಗ್ ಸಿಸ್ಟಮಿನ ಒಂದು ಅಪ್‌ಡೇಟಿನಿಂದ ಇಂಡೆಕ್ಸೇ ಕೆಡಬಹುದಾದರೆ, ಆ ಇಂಡೆಕ್ಸನ್ನು ನಂಬಿ ಎಲ್ಲೋ ಉಳಿಸಿಟ್ಟ ಕರ್ಸರಿನ ಸ್ಥಾನವಂತೂ ಕೆಟ್ಟೇ ಕೆಡುತ್ತದೆ. ಪೋಸ್ಟ್‌ಗ್ರೆಸ್ ಈಗ ಅಕ್ಷರಕ್ರಮದ ಆವೃತ್ತಿಯನ್ನು ಬರೆದಿಟ್ಟುಕೊಳ್ಳುತ್ತದೆ, ಹೊಂದದಿದ್ದರೆ ಎಚ್ಚರಿಸುತ್ತದೆ, ಕೆಲಸವನ್ನು ಮಾತ್ರ ನಿಲ್ಲಿಸುವುದಿಲ್ಲ. ಇಂಡೆಕ್ಸಿನ ಮಟ್ಟಿಗೆ ಅದನ್ನು ಒಪ್ಪಬಹುದೇನೋ. ಉಳಿಸಿಟ್ಟ ಸ್ಥಾನದ ಮಟ್ಟಿಗೆ ಎಚ್ಚರಿಕೆ ಸಾಲದು, ಏಕೆಂದರೆ ಅದನ್ನು ಮರಳಿ ಕೂರಿಸುವುದು ನಡುರಾತ್ರಿ ಯಾರ ಕಣ್ಣೂ ಇಲ್ಲದ ಹೊತ್ತಿನಲ್ಲಿ ಓಡುವ ಪ್ರೋಗ್ರಾಂ. ಸದಸ್ಯತ್ವ ಸಂಖ್ಯೆಯ ಜೊತೆ ಹೆಸರು, ಹೆಸರಿನ ಜೊತೆ ಅದನ್ನು ಜೋಡಿಸಿದ ಕ್ರಮದ ಹೆಸರು ಮತ್ತು ಆವೃತ್ತಿ, ಇಷ್ಟನ್ನೂ ಸ್ಥಾನದೊಳಗೇ ಬರೆದಿಡಬೇಕು. ಆವೃತ್ತಿ ಹೊಂದದಿದ್ದರೆ ಲೈಬ್ರರಿ ಆ ಸ್ಥಾನವನ್ನು ತಿರಸ್ಕರಿಸಬೇಕು, ಪ್ರೋಗ್ರಾಂ ಕಡತವನ್ನು ಮೊದಲಿನಿಂದ ಓದಬೇಕು.